ಡಯಟ್‌ಗೆ ಭಾನುವಾರ ರಜೆ ಇದೆಯಾ? ನನ್ನ ಒಂದು ವರ್ಷದ ಲೆಕ್ಕ

2024ರ ಜೂನ್ 10, ಸೋಮವಾರ ಬೆಳಿಗ್ಗೆ ನನ್ನ ತೂಕ 81.4 ಕಿಲೊ. 2025ರ ಜೂನ್ 30, ಅದೂ ಸೋಮವಾರವೇ, 68.6. ಈ ಎರಡು ಸೋಮವಾರಗಳ ಮಧ್ಯೆ 200 ಪುಟದ ಒಂದು ನೋಟ್‌ಬುಕ್ ತುಂಬಿದೆ, ಒಂದು ಮಂಡಿ ಊದಿ ಇಳಿದಿದೆ, ಸುಮಾರು 17 ಸಾವಿರ ರೂಪಾಯಿ ಖರ್ಚಾಗಿದೆ.

ಈಗ ಸಿಕ್ಕವರೆಲ್ಲ ಕೇಳುವುದು ಒಂದೇ, "ಏನು ತಿಂದ್ರಿ?" ಅದನ್ನು ಹೇಳುವುದು ಸುಲಭ. ಮುದ್ದೆ, ರೊಟ್ಟಿ, ಕಾಳು, ಸೊಪ್ಪು, ಮೊಸರು, ಅನ್ನ ಸ್ವಲ್ಪ. ಹೊಸದೇನಿಲ್ಲ. ನಾನು ಮುಗ್ಗರಿಸಿದ್ದು ಪಥ್ಯದ ದಿನಗಳಲ್ಲಿ ಅಲ್ಲವೇ ಅಲ್ಲ, ರಜೆಯ ದಿನಗಳಲ್ಲಿ. ವಾರಕ್ಕೊಂದು ದಿನ ಬಿಡಬಹುದಾ? ಹಬ್ಬಕ್ಕೆ? ಮದುವೆಗೆ? ಬಿಟ್ಟರೆ ಎಲ್ಲಾ ವಾಪಸ್ ಬರುತ್ತದಾ? ಈ ಪ್ರಶ್ನೆಗೆ ನನಗೆ ಸರಿಯಾದ ಉತ್ತರ ಸಿಗಲು ಮೂರೂವರೆ ತಿಂಗಳು ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯದಿರಲಿ ಅಂತ ಬರೆಯುತ್ತಿದ್ದೇನೆ.

ನನಗೆ 42 ವರ್ಷ. ದಾವಣಗೆರೆಯಲ್ಲಿ ಕಾಲೇಜೊಂದರ ಕಚೇರಿಯಲ್ಲಿ ಕೆಲಸ. ದಿನವಿಡೀ ಕುರ್ಚಿ. ಎರಡನೇ ಮಹಡಿ ಹತ್ತುವಾಗ ಮಂಡಿ ನೋಯಲು ಶುರುವಾದಾಗ ಡಾಕ್ಟರ ಹತ್ತಿರ ಹೋದೆ. ಮೂರು ಗಂಟೆ ಕಾದೆ, ನಾಲ್ಕು ನಿಮಿಷ ಒಳಗಿದ್ದೆ. ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಬರೆದುಕೊಟ್ಟರು. ಪರೀಕ್ಷೆಗೆ 1,450, ಸ್ಕ್ಯಾನ್‌ಗೆ 900, ಫೀಸು 400. ಥೈರಾಯ್ಡ್ ಸರಿ ಇತ್ತು. ಎಚ್‌ಬಿಎ1ಸಿ 6.2 ಬಂದಿತ್ತು. ಲಿವರ್‌ನಲ್ಲಿ ಕೊಬ್ಬು, ಗ್ರೇಡ್ ಒಂದು. "ಇನ್ನೂ ಶುಗರ್ ಅಂತ ಅಲ್ಲ, ಬಾಗಿಲಲ್ಲಿ ನಿಂತಿದೆ. ತೂಕ ಇಳಿಸಮ್ಮ" ಅಂದರು. ಹೇಗೆ ಅಂತ ಕೇಳುವಷ್ಟರಲ್ಲಿ ಮುಂದಿನವರು ಸ್ಟೂಲಿನ ಮೇಲೆ ಕೂತಾಗಿತ್ತು.

ಗೊತ್ತಿಲ್ಲದವರಿಗೆ: ಎಚ್‌ಬಿಎ1ಸಿ ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹಿಂದಿನ ಮೆಟ್ಟಿಲು. ನನ್ನ ಎತ್ತರ 157 ಸೆಂಟಿಮೀಟರ್, ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಸಂಖ್ಯೆ) 33. ನಮ್ಮ ಭಾರತೀಯರ ಮೈಕಟ್ಟಿಗೆ 25 ದಾಟಿದರೇ ಬೊಜ್ಜು ಅಂತ ಲೆಕ್ಕ. ಅಂದರೆ ನಾನು ಬಾಗಿಲು ದಾಟಿ ನಡುಮನೆಯಲ್ಲಿದ್ದೆ.

ಹೇಗೆ ಅಂತ ಡಾಕ್ಟರು ಹೇಳಲಿಲ್ಲ, ಮೊಬೈಲ್ ಹೇಳಿತು. ಮೂರು ತಿಂಗಳ ಪ್ಯಾಕೇಜು, 6,999 ರೂಪಾಯಿ. ಒಬ್ಬ ಕೋಚ್, ಒಂದು ವಾಟ್ಸಾಪ್ ಗುಂಪು, ದಿನಕ್ಕೆ 1,100 ಕ್ಯಾಲೊರಿಯ ಒಂದು ಚಾರ್ಟು. ನನ್ನ ಮನಸ್ಸು ಗೆದ್ದಿದ್ದು ಕೊನೆಯ ಸಾಲು: ಭಾನುವಾರ ಚೀಟ್ ಡೇ, ಏನು ಬೇಕಾದರೂ ತಿನ್ನಿ. ಆಹಾ, ಇದಪ್ಪ ಯೋಜನೆ ಅಂದುಕೊಂಡೆ.

ಮೊದಲ ವಾರ ಎರಡು ಕಿಲೊ ಇಳಿಯಿತು. ಕುಣಿದಾಡಿದೆ. ಅದರಲ್ಲಿ ಜಾಸ್ತಿ ನೀರು ಅಂತ ಆಮೇಲೆ ಗೊತ್ತಾಯಿತು.

ಎರಡನೇ ಭಾನುವಾರ, ಜೂನ್ 23ರ ಪುಟ ಹಾಗೇ ಇಡುತ್ತೇನೆ. ಬೆಳಿಗ್ಗೆ ಬೆಣ್ಣೆ ದೋಸೆ ಮೂರು, ಮೇಲೊಂದು ಖಾಲಿ ದೋಸೆ, ಕಾಫಿ. ಮಧ್ಯಾಹ್ನ ಚಪಾತಿ, ಎಣ್ಣೆಗಾಯಿ, ಅನ್ನ, ಶಾವಿಗೆ ಪಾಯಸ ಎರಡು ಬಟ್ಟಲು. ಸಂಜೆ ಮಂಡಕ್ಕಿ ಒಂದು ಪ್ಲೇಟು, ಮಿರ್ಚಿ ನಾಲ್ಕು. ರಾತ್ರಿ ಹೋಟೆಲಿಗೆ ಹೋಗಿ ಪರೋಟ, ಪನೀರ್, ಐಸ್‌ಕ್ರೀಂ. ದಾವಣಗೆರೆಯಲ್ಲಿ ಇದ್ದುಕೊಂಡು ಬೆಣ್ಣೆ ದೋಸೆ ತಿನ್ನಬಾರದು ಅಂದರೆ ಊರು ಬಿಡಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ದೊಡ್ಡ ಚಮಚ ಬೆಣ್ಣೆಗೇ 100 ಕ್ಯಾಲೊರಿ. ನಮ್ಮ ಕಡೆ ದೋಸೆಯ ಮೇಲೆ ಬೆಣ್ಣೆ ಚಮಚದ ಲೆಕ್ಕದಲ್ಲಿ ಬೀಳುವುದಿಲ್ಲ.

ಆ ಪುಟ ಈಗ ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಸಂಜೆ ಮಿರ್ಚಿ ತಿನ್ನುವಾಗ ನನಗೆ ಹಸಿವೇ ಇರಲಿಲ್ಲ. ನಾಳೆಯಿಂದ ಸಿಗಲ್ಲ ಅಂತ ತಿಂದಿದ್ದು.

ಸೋಮವಾರ ಬೆಳಿಗ್ಗೆ 1.8 ಕಿಲೊ ಜಾಸ್ತಿ. ಗಾಬರಿಯಾಗಿ ಆ ದಿನ ಬರೀ ಮಜ್ಜಿಗೆ ಕುಡಿದೆ. ಮಂಗಳವಾರ ತಲೆ ಸುತ್ತು, ಬುಧವಾರ ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಎರಡು ತುಂಡು. ಹೀಗೇ ಎಂಟು ವಾರ. ಬರಬರುತ್ತಾ ಭಾನುವಾರ ಶನಿವಾರ ಸಂಜೆಯೇ ಶುರುವಾಗುತ್ತಿತ್ತು.

ಲೆಕ್ಕ ಹೀಗಿತ್ತು. ನನ್ನ ತೂಕ ಏರದೆ ಇಳಿಯದೆ ನಿಲ್ಲಬೇಕು ಅಂದರೆ ದಿನಕ್ಕೆ ಸುಮಾರು 1,900 ಕ್ಯಾಲೊರಿ ಬೇಕು. 1,100 ತಿಂದರೆ ದಿನಕ್ಕೆ 800 ಉಳಿತಾಯ, ಆರು ದಿನಕ್ಕೆ 4,800. ಆ ಭಾನುವಾರ ನಾನು ತಿಂದದ್ದು ಕಡಿಮೆಯೆಂದರೂ 3,600. ಅಂದರೆ ಬೇಕಾದ್ದಕ್ಕಿಂತ 1,700 ಜಾಸ್ತಿ. ಎರಡು ದಿನ ಹಸಿದುಕೊಂಡು ಉಳಿಸಿದ್ದನ್ನು ಒಂದೇ ದಿನದಲ್ಲಿ ತಿಂದು ಮುಗಿಸಿದ್ದೆ. ಎಲ್ಲವೂ ಹೋಗಲಿಲ್ಲ, ನಿಜ. ಆದರೆ ಆ ಎರಡು ದಿನದ ತಲೆಸುತ್ತು ಯಾರ ಪುಣ್ಯಕ್ಕೆ ಹೇಳಿ?

ಆಗಸ್ಟ್ 5ಕ್ಕೆ 77.9ಕ್ಕೆ ಬಂದಿದ್ದೆ. ಆಗಸ್ಟ್ 9 ಶುಕ್ರವಾರ ನಾಗರ ಪಂಚಮಿ.

ನಮ್ಮ ಕಡೆ ಪಂಚಮಿ ಅಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು. ನಾಲ್ಕು ದಿನ ಮುಂಚಿನಿಂದ ಮನೆಯೆಲ್ಲ ಹುರಿದ ಶೇಂಗಾದ ವಾಸನೆ. ಬೆಲ್ಲದ ಪಾಕ ಹದಕ್ಕೆ ಬಂದಿದೆಯಾ ಅಂತ ನೋಡಲು ನೀರಿಗೆ ಒಂದು ಹನಿ ಬಿಡಬೇಕು. ಅದು ಗಟ್ಟಿಯಾದರೆ ಬಾಯಿಗೆ ಹಾಕಿ ನೋಡಬೇಕು. ಆಮೇಲೆ ಪಾಕ ಆರುವ ಮುಂಚೆ ಕೈ ಸುಟ್ಟುಕೊಳ್ಳುತ್ತಾ ಕಟ್ಟಬೇಕು. ಒಡೆದ ಉಂಡಿ ಡಬ್ಬಿಗೆ ಹೋಗಲ್ಲ, ಕಟ್ಟಿದವರ ಬಾಯಿಗೇ. ನಾನು ಗುಂಪಿನಲ್ಲಿ ಕೇಳಿದೆ, "ಹಬ್ಬಕ್ಕೆ ರಜೆ ತಗೊಳ್ಳಬಹುದಾ?" "ಭಾನುವಾರ ಬಿಟ್ಟು ರಜೆ ಇಲ್ಲ, ನಿಮಗೆ ಗುರಿ ಮುಖ್ಯವೋ ಉಂಡಿ ಮುಖ್ಯವೋ" ಅಂತ ಉತ್ತರ ಬಂತು. ಶುಕ್ರವಾರ ನಾನು ಏಳು ತಿಂದೆ.

ಆಮೇಲೆ ಕುತೂಹಲಕ್ಕೆ ಒಂದು ಶೇಂಗಾ ಉಂಡಿ ತೂಕಕ್ಕೆ ಇಟ್ಟೆ. 32 ಗ್ರಾಂ. 150 ಕ್ಯಾಲೊರಿಗೆ ಮೋಸವಿಲ್ಲ. ಏಳಕ್ಕೆ ನೀವೇ ಗುಣಿಸಿ.

ಆದರೆ ಕೆಡಿಸಿದ್ದು ಆ ಏಳು ಉಂಡಿಯಲ್ಲ. "ಹೇಗೂ ಕೆಟ್ಟಾಯ್ತಲ್ಲ, ಸೋಮವಾರದಿಂದ ನೋಡೋಣ" ಅಂದೆ. ಸೋಮವಾರ ಡಬ್ಬಿಯಲ್ಲಿ ಇನ್ನೂ ಉಂಡಿ ಇತ್ತು. ಮುಂದಿನ ಸೋಮವಾರ ಶ್ರಾವಣದ ಪೂಜೆ, ಊಟಕ್ಕೆ ನೆಂಟರು. ಅದು ಮುಗಿದರೆ ಗೌರಿ-ಗಣೇಶ ಹತ್ತಿರ ಬಂತು, ಹಬ್ಬ ಆದ ಮೇಲೆ ಒಂದೇ ಸಲ ಶುರು ಮಾಡೋಣ ಅಂದುಕೊಂಡೆ. ಒಂದು ದಿನದ ರಜೆ ಸರಿಯಾಗಿ ಒಂದು ತಿಂಗಳಾಯಿತು. ಸೆಪ್ಟೆಂಬರ್ 9ಕ್ಕೆ ತೂಕದ ಯಂತ್ರ ಹೊರಗೆ ತೆಗೆದರೆ 80.6. ಅದೇ ವಾರ ತಲೆ ಬಾಚುವಾಗ ಕೂದಲು ಗುಪ್ಪೆಗುಪ್ಪೆಯಾಗಿ ಕೈಗೆ ಬರಲು ಶುರುವಾಯಿತು. ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿದ ಕೂದಲನ್ನು ತೆಗೆಯುತ್ತಾ ಅತ್ತೆಗೆ ಕಾಣದ ಹಾಗೆ ಅತ್ತಿದ್ದೇನೆ.

ಪ್ಯಾಕೇಜಿನ ಉಳಿದ ದುಡ್ಡು ಕೇಳಿದೆ. ಚಾರ್ಟು ಮುರಿದವರು ನೀವು, ಹಾಗಾಗಿ ಕೊಡಲು ಬರಲ್ಲ ಅಂದರು. ಸೇರುವಾಗ "ತೃಪ್ತಿ ಇಲ್ಲದಿದ್ದರೆ ಹಣ ವಾಪಸ್" ಅಂತ ಓದಿದ ನೆನಪು, ಆದರೆ ನನ್ನ ಹತ್ತಿರ ಅದರ ಪ್ರತಿ ಇರಲಿಲ್ಲ. ನೀವು ಸೇರುವುದೇ ಆದರೆ ದುಡ್ಡು ಕಟ್ಟುವ ಮೊದಲು ಆ ಷರತ್ತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಚಾರ್ಟು ಬರೆದವರು ಏನು ಓದಿದ್ದಾರೆ ಅಂತಲೂ ಕೇಳಿ. ನಾನು ಎರಡನ್ನೂ ಮಾಡಲಿಲ್ಲ.

ನಮ್ಮನೆಯವರು ಒತ್ತಾಯ ಮಾಡಿ ಆಸ್ಪತ್ರೆಯೊಂದರ ಡಯಟಿಷಿಯನ್ ಹತ್ತಿರ ಹೆಸರು ಬರೆಸಿದರು. ಹನ್ನೊಂದು ದಿನ ಬಿಟ್ಟು ಸಮಯ ಸಿಕ್ಕಿತು. ಫೋನಿನಲ್ಲೇ ಏನೇನು ತರಬೇಕು ಅಂತ ಹೇಳಿದ್ದರು: ಆರು ತಿಂಗಳ ಒಳಗಿನ ರಕ್ತದ ರಿಪೋರ್ಟು, ಸ್ಕ್ಯಾನ್ ರಿಪೋರ್ಟು, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಮತ್ತು ಮೂರು ದಿನ ತಿಂದದ್ದರ ಪೂರ್ತಿ ವಿವರ. ಆ ಮೂರರಲ್ಲಿ ಒಂದು ಭಾನುವಾರ ಇರಲೇಬೇಕಂತೆ. ನಾನು ಸ್ಕ್ಯಾನ್ ರಿಪೋರ್ಟು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮಗ ಅದರ ಫೋಟೊ ಕಳಿಸುವ ತನಕ ನನ್ನ ಟೋಕನ್ ಹಿಂದೆ ಹೋಗಿ, ಎರಡು ಗಂಟೆ ಜಾಸ್ತಿ ಕೂತೆ. ಫೀಸು 600, ಆಮೇಲಿನ ಪ್ರತಿ ಭೇಟಿಗೆ 300.

ಕೂದಲಿನ ವಿಷಯ ಮೊದಲು ಕೇಳಿದೆ. ಇದ್ದಕ್ಕಿದ್ದಂತೆ ಊಟ ತೀರಾ ಕಡಿಮೆ ಮಾಡಿದರೆ ಎರಡು-ಮೂರು ತಿಂಗಳು ಬಿಟ್ಟು ಕೂದಲು ಉದುರುತ್ತದೆ, ಸಾಮಾನ್ಯವಾಗಿ ವಾಪಸ್ ಬರುತ್ತದೆ ಅಂದರು. (ಬಂತು. ಜನವರಿ ಹೊತ್ತಿಗೆ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ಮುಳ್ಳಿನ ಹಾಗೆ ನಿಂತಿದ್ದವು.) ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದೇ ವಾರಕ್ಕೆ ಅರ್ಧ ಕಿಲೊ ಇಳಿಸಿದರೆ ಸಾಕು ಅಂತ, ನಿಮಗೇನು ಅವಸರ ಅಂತ ಬೈದರು. 1,100 ಅಲ್ಲ, 1,500 ತಿನ್ನಿ ಅಂದರು.

ಆಮೇಲೆ ನಾನು ಕೇಳಬೇಕೆಂದು ಹೋಗಿದ್ದನ್ನು ಕೇಳಿದೆ. "ಮೇಡಂ, ರಜೆ ತಗೊಳ್ಳಬಹುದಾ?"

"ಯಾವುದರಿಂದ ರಜೆ?"

ನಾನು ಸುಮ್ಮನಾದೆ. ಅದುವರೆಗೂ ಯಾರೂ ಹಾಗೆ ಕೇಳಿರಲಿಲ್ಲ.

ಅವರು ನನ್ನ ನೋಟ್‌ಬುಕ್ ತಿರುಗಿಸಿ ಹಿಂದಿನ ರಟ್ಟಿನ ಒಳಬದಿಯಲ್ಲಿ ಬರೆದರು. ಕಡಿಮೆ ತಿನ್ನುವುದರಿಂದ ರಜೆ: ಇದೆ, ಕೊಡಲೇಬೇಕು. ವ್ಯಾಯಾಮದಿಂದ ರಜೆ: ವಾರಕ್ಕೆ ಒಂದು ದಿನ. ಬರೆಯುವುದರಿಂದ, ತೂಕ ನೋಡುವುದರಿಂದ ರಜೆ: ಹಬ್ಬದ ದಿನ ಬರೆಯದಿದ್ದರೂ ನಡೆಯುತ್ತದೆ. ತಿನ್ನುವ ಅಳತೆಯಿಂದಲೇ ರಜೆ: ಇಲ್ಲ. ಮಾತ್ರೆಯಿಂದ ರಜೆ: ಇಲ್ಲವೇ ಇಲ್ಲ. ನನಗೆ ಮಾತ್ರೆ ಇರಲಿಲ್ಲ, ಎಲ್ಲರಿಗೂ ಅದನ್ನು ಬರೆಯುತ್ತೇನೆ ಅಂದರು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಹೆಚ್ಚು-ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಅವರಿಗೆ ಉಪವಾಸವೂ ಅಪಾಯ, ಹಬ್ಬವೂ ಅಪಾಯ.

ರಜೆಯ ದಿನ ಅಂದರೆ ತೂಕ ನಿಲ್ಲುವಷ್ಟು ತಿನ್ನುವ ದಿನ ಅಂತ ಅವರ ಅರ್ಥ. ನನಗೆ 1,900. 1,500ರ ದಿನಕ್ಕೂ 1,900ರ ದಿನಕ್ಕೂ ಇರುವ ವ್ಯತ್ಯಾಸ ತಟ್ಟೆಯಲ್ಲಿ ನೋಡಿದರೆ ಒಂದು ಹೋಳಿಗೆ, ಒಂದು ಚಮಚ ತುಪ್ಪ, ಒಂದು ಬಟ್ಟಲು ಅನ್ನದಷ್ಟು. ಅಷ್ಟೇ. ಮೊದಲು ನನಗೆ ನಗು ಬಂತು, ಇದೂ ಒಂದು ರಜೆಯಾ ಅಂತ. ಆದರೆ ಆರು ದಿನ 1,100 ತಿಂದವಳಿಗೆ ಭಾನುವಾರ ಊರೆಲ್ಲ ಬೇಕು ಅನ್ನಿಸುತ್ತದೆ. ಆರು ದಿನ 1,500 ತಿಂದವಳಿಗೆ ಒಂದು ಹೋಳಿಗೆ ಸಾಕಾಗುತ್ತದೆ. ಇದನ್ನು ನಾನು ತಿಂದೇ ತಿಳಿದುಕೊಳ್ಳಬೇಕಾಯಿತು.

ಕೊನೆಗೆ ಒಪ್ಪಂದ ಹೀಗಾಯಿತು. ವಾರಕ್ಕೆ ಒಂದು ಹೊತ್ತು ರಜೆ, ಪೂರ್ತಿ ದಿನ ಅಲ್ಲ. ಯಾವ ಹೊತ್ತು ಅಂತ ಹಿಂದಿನ ದಿನವೇ ಬರೆದಿಡಬೇಕು. ದೊಡ್ಡ ಹಬ್ಬಗಳಿಗೆ 1,900ರ ದಿನ. ಹನ್ನೆರಡು ವಾರ ಆದ ಮೇಲೆ ಎರಡು ವಾರ ಪೂರ್ತಿ ರಜೆ, ಅದೂ 1,900ರ ಲೆಕ್ಕದಲ್ಲೇ. ಸೆಪ್ಟೆಂಬರ್ 23ರಂದು 79.8 ಕಿಲೊದೊಂದಿಗೆ ಶುರು ಮಾಡಿದೆ.

ಎರಡು ವಾರದ ರಜೆ ಎಲ್ಲಿಂದ ಬಂತು ಅಂತ ನಾನೂ ಹುಡುಕಿದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದವರು 51 ಬೊಜ್ಜಿನ ಗಂಡಸರ ಮೇಲೆ ಒಂದು ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದ್ದರು. ಅರ್ಧ ಜನ 16 ವಾರ ಒಂದೇ ಸಮನೆ ಪಥ್ಯ ಮಾಡಿದರು. ಉಳಿದರ್ಧ ಎರಡು ವಾರ ಪಥ್ಯ, ಎರಡು ವಾರ ಬಿಡುವು ಅಂತ ಮಾಡಿದರು. ಬಿಡುವು ತೆಗೆದುಕೊಂಡವರೇ ಜಾಸ್ತಿ ಇಳಿದರು. ಇಷ್ಟನ್ನು ಓದಿ ಖುಷಿಪಡುವವರು ಇನ್ನೆರಡು ಸಾಲು ಓದಬೇಕು. ಬಿಡುವಿನ ವಾರಗಳಲ್ಲಿ ಅವರು ಲೆಕ್ಕ ಹಾಕಿ ತಿಂದದ್ದು ತೂಕ ನಿಲ್ಲುವಷ್ಟು ಮಾತ್ರ. ಮತ್ತು 16 ವಾರದ ಪಥ್ಯ ಮುಗಿಸಲು ಅವರಿಗೆ 30 ವಾರ ಹಿಡಿಯಿತು. ಆಮೇಲೆ 2021ರಲ್ಲಿ, ಭಾರ ಎತ್ತುವ ವ್ಯಾಯಾಮ ಮಾಡುವವರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಬಿಡುವು ಕೊಟ್ಟವರಿಗೂ ಕೊಡದವರಿಗೂ ಕೊಬ್ಬು ಇಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಸಿವಿನ ಕಾಟ ಮಾತ್ರ ಬಿಡುವು ಸಿಕ್ಕವರಿಗೆ ಕಡಿಮೆ. ನನ್ನ ಅನುಭವವೂ ಈ ಎರಡನೆಯದಕ್ಕೇ ಹತ್ತಿರ. ಬಿಡುವು ಕೊಬ್ಬು ಕರಗಿಸುವುದಿಲ್ಲ, ತಾಳ್ಮೆ ಉಳಿಸುತ್ತದೆ. ಅಂದಹಾಗೆ ಆ ಮೊದಲ ಪ್ರಯೋಗದಲ್ಲಿ ಇದ್ದವರೆಲ್ಲ ಗಂಡಸರು. ಪಂಚಮಿಗೆ ಉಂಡಿ ಕಟ್ಟಿದವರು ಒಬ್ಬರೂ ಇದ್ದಿರಲಿಕ್ಕಿಲ್ಲ.

ದಸರಾ, ದೀಪಾವಳಿ ಸರಾಗವಾಗಿ ಹೋದವು. ಕಷ್ಟ ಬಂದಿದ್ದು ನವೆಂಬರಿನಲ್ಲಿ, ರಾಣೆಬೆನ್ನೂರಿನಲ್ಲಿ ನಾದಿನಿಯ ಮಗಳ ಮದುವೆ. ಎರಡು ದಿನ. ಕಲ್ಯಾಣಮಂಟಪದಲ್ಲಿ ಬಾಳೆಲೆಯ ಮುಂದೆ ಕೂತು 1,900 ಲೆಕ್ಕ ಹಾಕಲು ಆಗುತ್ತದಾ? ಬಡಿಸುವವರು ಹೋಳಿಗೆ ಹಾಕಿ ಮುಂದೆ ಹೋಗುವಷ್ಟರಲ್ಲಿ ತುಪ್ಪದವರು ಬಂದಿರುತ್ತಾರೆ. ಕೈ ಅಡ್ಡ ಹಿಡಿದರೆ ಕೈ ಮೇಲೇ ಸುರಿಯುತ್ತಾರೆ. ಪಕ್ಕದಲ್ಲಿ ಕೂತ ಅತ್ತೆ, "ಒಂದು ಹೋಳಿಗಿ ತಿಂದ್ರೆ ಏನಾಕ್ಕತಿ, ತಿನ್ನವ್ವ" ಅಂದರು. ತಿಂದೆ. ಇನ್ನೊಂದನ್ನೂ ತಿಂದೆ. ಎರಡು ದಿನ ಲೆಕ್ಕವನ್ನೇ ಕೈಬಿಟ್ಟೆ.

ಸೋಮವಾರ ಬೆಳಿಗ್ಗೆ ಯಂತ್ರದ ಮೇಲೆ ನಿಂತೆ. ಮದುವೆಗೆ ಮುಂಚೆ 76.8 ಇದ್ದದ್ದು 78.9 ಆಗಿತ್ತು. ಹಳೆಯ ನಾನಾಗಿದ್ದರೆ ಆ ದಿನ ಮಜ್ಜಿಗೆ ಕುಡಿದು ಬುಧವಾರ ಕೇಕು ತಿನ್ನುತ್ತಿದ್ದೆ. ಈ ಸಲ ಡಯಟಿಷಿಯನ್ ಹೇಳಿದ ಹಾಗೆ ಮಾಡಿದೆ, ಅಂದರೆ ಏನೂ ಮಾಡಲಿಲ್ಲ. ಮಾಮೂಲಿ ಊಟ, ಮಾಮೂಲಿ ನಡಿಗೆ. ಮಂಗಳವಾರ 78.3. ಬುಧವಾರ 77.8. ಗುರುವಾರ 77.4. ಶುಕ್ರವಾರ 77.0. ಶನಿವಾರ 76.9.

ಆ ಎರಡು ಕಿಲೊ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಅನ್ನ, ಹೋಳಿಗೆ ಜಾಸ್ತಿ ತಿಂದಾಗ ದೇಹ ಸ್ವಲ್ಪ ಪಿಷ್ಟವನ್ನು ಗ್ಲೈಕೋಜನ್ ಅಂತ ಮಾಡಿ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಾರಿನ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ತಿಂದದ್ದು ಹೊಟ್ಟೆಯಲ್ಲೂ ಒಂದಿಷ್ಟು ಇರುತ್ತದೆ. ಒಂದು ಕಿಲೊ ಕೊಬ್ಬು ಸೇರಬೇಕಾದರೆ ಬೇಕಾದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಎರಡು ಕಿಲೊಗೆ 15 ಸಾವಿರದ ಮೇಲೆ. ಎರಡು ದಿನದಲ್ಲಿ ಅಷ್ಟು ತಿನ್ನಲು ನನ್ನ ಕೈಲಿ ಆಗಲ್ಲ, ನಾದಿನಿ ಮನೆಯವರು ಎಷ್ಟೇ ಬಡಿಸಿದರೂ. ಹೆಂಗಸರಿಗೆ ಇನ್ನೊಂದು ಮಾತು. ಮುಟ್ಟಿನ ಹಿಂದಿನ ವಾರ ನನಗೆ ಸುಮ್ಸುಮ್ನೆ ಒಂದು ಕಿಲೊವರೆಗೆ ಏರುತ್ತದೆ. ಆ ವಾರ ತೂಕ ನೋಡಿ ರಜೆಯನ್ನು ಬೈಯಬೇಡಿ.

ಇನ್ನೊಂದು ಸಣ್ಣ ವಿಷಯಕ್ಕೆ ನಾನು ಒಂದು ವಾರ ನಿದ್ದೆ ಕೆಡಿಸಿಕೊಂಡಿದ್ದೆ. ತೂಕದ ಯಂತ್ರವನ್ನು ಬಚ್ಚಲಿನ ಮುಂದಿನ ಟೈಲ್ಸ್ ಮೇಲೆ ಇಟ್ಟರೆ ಒಂದು ತೂಕ, ಹಾಲ್‌ನಲ್ಲಿ ಇಟ್ಟರೆ 1.3 ಕಿಲೊ ಕಡಿಮೆ. ಟೈಲ್ಸ್ ಸಮ ಇರಲಿಲ್ಲ, ಯಂತ್ರದ ಒಂದು ಕಾಲು ಆಡುತ್ತಿತ್ತು. ಜಾಗ ಒಂದೇ ಇರಲಿ, ಹೊತ್ತು ಒಂದೇ ಇರಲಿ.

ಡಿಸೆಂಬರ್ 16ಕ್ಕೆ ಹನ್ನೆರಡು ವಾರ ಮುಗಿಯಿತು. 75.3. ಮೊದಲ ಎರಡು ವಾರದ ರಜೆ. ನಂಬುತ್ತೀರೋ ಇಲ್ಲವೋ, ಜಾಸ್ತಿ ತಿನ್ನಲು ಭಯವಾಯಿತು. ಎರಡನೇ ರೊಟ್ಟಿ ತಟ್ಟೆಗೆ ಹಾಕಿಕೊಂಡು ವಾಪಸ್ ಬುಟ್ಟಿಗೆ ಇಟ್ಟಿದ್ದೇನೆ. ಇಷ್ಟು ದಿನ ಕಡಿಮೆ ತಿನ್ನುವುದೇ ಸಾಧನೆ ಅಂತ ತಲೆಯಲ್ಲಿ ಕೂತಿತ್ತು. ನಾಲ್ಕನೇ ದಿನಕ್ಕೆ ಸರಿಹೋಯಿತು. ನಿದ್ದೆ ಚೆನ್ನಾಗಿ ಬಂತು, ಮಕ್ಕಳ ಮೇಲೆ ರೇಗುವುದು ಕಡಿಮೆಯಾಯಿತು. ಎರಡು ವಾರದ ಕೊನೆಗೆ 75.6.

ರಜೆಗಿಂತ ಕಷ್ಟ ರಜೆಯಿಂದ ವಾಪಸ್ ಬರುವುದು. ಪಂಚಮಿಯ ಪಾಠ ನೆನಪಿತ್ತಲ್ಲ, ಅದಕ್ಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ 30ಕ್ಕೆ ಕೆಂಪು ಗುಂಡು ಸುತ್ತಿದ್ದೆ. ಹಿಂದಿನ ದಿನವೇ ಸೊಪ್ಪು ಬಿಡಿಸಿ, ಹೆಸರುಕಾಳು ನೆನೆಹಾಕಿ, ಉಳಿದ ಸಿಹಿಯನ್ನು ಕಚೇರಿಗೆ ಒಯ್ದು ಹಂಚಿದೆ. ವಾಪಸ್ ಬರುವ ದಿನ ಬೆಳಿಗ್ಗೆ ಏನು ತಿನ್ನಲಿ ಅಂತ ಯೋಚಿಸುವಂತೆ ಇರಬಾರದು. ಯೋಚಿಸಿದರೆ ಕೆಟ್ಟಿರಿ.

ಜನವರಿಯಲ್ಲಿ ಹುಮ್ಮಸ್ಸು ಜಾಸ್ತಿಯಾಯಿತು. ಕುಂದುವಾಡ ಕೆರೆಯ ಏರಿಯ ಮೇಲೆ ದಿನಾ ಬೆಳಿಗ್ಗೆ ನಡೆಯುತ್ತಿದ್ದೆ. ಚಳಿ, ಕೆರೆಯ ಮೇಲೆ ಮಂಜು, ಹಕ್ಕಿಗಳು, ಬಹಳ ಚೆನ್ನಾಗಿರುತ್ತದೆ. ಭಾನುವಾರದ ರಜೆ ಬೇಡ ಅಂದುಕೊಂಡು ಹತ್ತೊಂಬತ್ತು ದಿನ ಬಿಡದೆ, ದಿನಕ್ಕೆ ಎಂಟು ಕಿಲೊಮೀಟರ್ ನಡೆದೆ. ಇಪ್ಪತ್ತನೇ ದಿನ ಬಲಮಂಡಿ ತೆಂಗಿನಕಾಯಿಯಂತೆ ಊದಿತ್ತು. ಮೂಳೆ ಡಾಕ್ಟರಿಗೆ 500, ಎಕ್ಸರೆಗೆ 450, ಹತ್ತು ದಿನ ನಡೆಯುವ ಹಾಗಿಲ್ಲ. "ಮಂಡಿಗೆ ನೀವು ರಜೆ ಕೊಡಲಿಲ್ಲ ಅಂದ್ರೆ ಅದೇ ತಗೊಳ್ಳುತ್ತೆ" ಅಂದರು. ತಮಾಷೆ ಅಂದರೆ ಆ ಹತ್ತು ದಿನದಲ್ಲೂ ತೂಕ 400 ಗ್ರಾಂ ಇಳಿಯಿತು, ಊಟ ಅಳತೆಯಲ್ಲಿ ಇದ್ದದ್ದಕ್ಕೆ. ಎಂಟು ಕಿಲೊಮೀಟರ್ ನಡೆದು ನಾನು ಏನು ಸಾಧಿಸುತ್ತಿದ್ದೆನೋ. ಆಮೇಲಿಂದ ದಿನಕ್ಕೆ 40 ನಿಮಿಷ, ವಾರಕ್ಕೆ ಐದು ದಿನ.

ಶಿವರಾತ್ರಿಯದು ಉಲ್ಟಾ ಕಥೆ. ಉಪವಾಸ ಅಂದರೆ ಲಾಭದ ದಿನ ಅಂತ ಲೆಕ್ಕ ಹಾಕಿದ್ದೆ. ಸಂಜೆ ಪೂಜೆ ಮುಗಿಸಿ ಫಲಾಹಾರಕ್ಕೆ ಕೂತೆವು. ಶೇಂಗಾ ಹಾಕಿದ ಸಾಬೂದಾನಿ ಕಿಚಡಿ, ಖರ್ಜೂರ, ಬಾಳೆಹಣ್ಣು, ಕಲ್ಲಂಗಡಿ, ಹಾಲು. ಮಾರನೇ ದಿನ ಬರೆದು ಕೂಡಿಸಿದರೆ 1,740. ಮಾಮೂಲಿ ದಿನಕ್ಕಿಂತ ಜಾಸ್ತಿ. ದೇವರಿಗೆ ಸಂದ ಉಪವಾಸ ಅದು, ತೂಕಕ್ಕಲ್ಲ.

ಮಾರ್ಚ್ 24ಕ್ಕೆ 71.4. ಎರಡನೇ ರಜೆಯನ್ನು ಯುಗಾದಿ ಒಳಗೆ ಬರುವ ಹಾಗೆ ಹೊಂದಿಸಿದ್ದೆವು. ಮಾರ್ಚ್ 30ರಂದು ಹೋಳಿಗೆ ಎರಡು, ತುಪ್ಪ ಹಾಕಿಯೇ ತಿಂದೆ. ಒಂದು ವಿಷಯ ಮರೆಯಬೇಡಿ: ತೂಕ ಇಳಿದ ಹಾಗೆ ದೇಹಕ್ಕೆ ಬೇಕಾದ್ದೂ ಇಳಿಯುತ್ತದೆ. ಈ ಸಲದ ರಜೆಗೆ ನನ್ನ ಲೆಕ್ಕ 1,900 ಅಲ್ಲ, 1,800. ಹಳೆಯ ಅಳತೆಯನ್ನೇ ಇಟ್ಟುಕೊಂಡಿದ್ದರೆ ಎರಡು ವಾರದಲ್ಲಿ ಸದ್ದಿಲ್ಲದೆ ಸ್ವಲ್ಪ ಸ್ವಲ್ಪ ಏರುತ್ತಿತ್ತು. ಏಪ್ರಿಲ್ 7ಕ್ಕೆ 71.6.

ಕೊನೆಯ ಹನ್ನೆರಡು ವಾರ ಹೇಳುವಂಥದ್ದೇನಿಲ್ಲ. ನಿಧಾನ, ಬೇಸರ, ಮಾವಿನಹಣ್ಣು. ಮೂರು ಕಿಲೊ.

ನಡುವೆ ನಮ್ಮ ಕಚೇರಿಯ ಒಬ್ಬರು ನನ್ನ ಹಾಗೇ ವಾರಕ್ಕೊಂದು ಹೊತ್ತು ರಜೆ ಅಂತ ಮಾಡಲು ಹೋದರು. ಅವರಿಗೆ ಆಗಲಿಲ್ಲ. ಒಂದು ಹೊತ್ತು ಶುರುವಾದರೆ ರಾತ್ರಿ ಎಲ್ಲರೂ ಮಲಗಿದ ಮೇಲೂ ನಿಲ್ಲುತ್ತಿರಲಿಲ್ಲವಂತೆ, ಹೊಟ್ಟೆ ನೋಯುವ ತನಕ. ಹೇಳಿಕೊಂಡು ಅತ್ತರು. ಅಂಥವರಿಗೆ ರಜೆಯೂ ಬೇಡ, ಪಥ್ಯವೂ ಬೇಡ, ಮೊದಲು ಡಾಕ್ಟರ ಹತ್ತಿರ ಮಾತಾಡಬೇಕು. ಇದು ಮನಸ್ಸು ಗಟ್ಟಿ ಮಾಡಿಕೊಂಡರೆ ಸರಿಹೋಗುವ ವಿಷಯ ಅಲ್ಲ. ಅವರು ಈಗ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಾರೆ.

ಖರ್ಚು ಕೇಳುವವರಿಗೆ: ಮೊದಲ ಡಾಕ್ಟರು ಮತ್ತು ಪರೀಕ್ಷೆಗಳು 2,750. ಆ ಪ್ಯಾಕೇಜು 6,999, ಅದು ಹೋದ ದುಡ್ಡು. ಡಯಟಿಷಿಯನ್ ಎಂಟು ಭೇಟಿಗೆ 2,700. ತೂಕದ ಯಂತ್ರ 1,100, ಅಡುಗೆಮನೆಯ ಪುಟ್ಟ ತಕ್ಕಡಿ 450. ಮಂಡಿಗೆ 950. ಕೊನೆಯಲ್ಲಿ ಮತ್ತೆ ಪರೀಕ್ಷೆ, ಸ್ಕ್ಯಾನ್ 2,350. ಒಟ್ಟು 17,299. ಆಟೋ ಚಾರ್ಜು, ಹೊಲಿಗೆ ಬಿಚ್ಚಿ ಮತ್ತೆ ಹಾಕಿಸಿದ ಬ್ಲೌಸುಗಳು ಬೇರೆ. ದುಡ್ಡು ಕಡಿಮೆ ಇದ್ದರೆ ತೂಕದ ಯಂತ್ರಕ್ಕಿಂತ ಮೊದಲು ಅಡುಗೆಮನೆಯ ತಕ್ಕಡಿ ತೆಗೆದುಕೊಳ್ಳಿ. ನನ್ನ "ಒಂದು ಚಮಚ" ಎಣ್ಣೆ ನಿಜವಾಗಿ ಮೂರು ಚಮಚ ಅಂತ ಹೇಳಿದ್ದು ಅದೇ.

ಜುಲೈ ಮೊದಲ ವಾರ ಅದೇ ಡಾಕ್ಟರ ಹತ್ತಿರ ರಿಪೋರ್ಟು ಹಿಡಿದು ಹೋದೆ. ಎಚ್‌ಬಿಎ1ಸಿ 5.6. ಲಿವರ್ ಸರಿ ಇದೆ ಅಂತ ಸ್ಕ್ಯಾನ್‌ನಲ್ಲಿ ಬರೆದಿತ್ತು. ಬಿಎಂಐ ಇನ್ನೂ 27ರ ಮೇಲೇ ಇದೆ, ಮುಗಿದಿಲ್ಲ. ಈ ಸಲ ಕಾದದ್ದು ಎರಡೂವರೆ ಗಂಟೆ. ಒಳಗಿದ್ದದ್ದು ಆರು ನಿಮಿಷ.

ಈ ತಿಂಗಳು, 2025ರ ಜುಲೈ 29, ಮಂಗಳವಾರ ಪಂಚಮಿ. ನಿನ್ನೆ ಅಂಗಡಿಯಿಂದ ಶೇಂಗಾ ಬಂತು. ಅತ್ತೆ ಚೀಲ ಬಿಚ್ಚಿ ಒಂದು ಹಿಡಿ ತೆಗೆದು ನೋಡಿ, "ಈ ಸಲ ಎಷ್ಟು ಉಂಡಿ ಕಟ್ಟಾಣ?" ಅಂದರು. ಯಾವಾಗಿನಷ್ಟೇ ಕಟ್ಟೋಣ, ಸಣ್ಣದಾಗಿ ಕಟ್ಟೋಣ ಅಂದೆ. "ಸಣ್ಣ ಉಂಡಿ ಕಟ್ಟಿದ್ರೆ ನೆಂಟರು ನಗ್ತಾರೆ" ಅಂದರು. ಸರಿ, ದೊಡ್ಡದೇ ಕಟ್ಟೋಣ ಅಂದೆ. ಕ್ಯಾಲೆಂಡರಿನಲ್ಲಿ 29ಕ್ಕೆ "ಉಂಡಿ, 2" ಅಂತ ಬರೆದಿದ್ದೇನೆ. ಕೆಂಪು ಗುಂಡು ಸುತ್ತಿದ್ದು 30ಕ್ಕೆ. ಅದರ ಕೆಳಗೆ, ಹೆಸರುಕಾಳು ನೆನೆಹಾಕಬೇಕು ಅಂತ.